ಮೀನು ಬಿಟ್ಟ ತೊಟ್ಟಿ

"ಆ ಡಬ್ಬ ಕೆಳಗಿಡ್ರಿ. ನಮ್ಮ ತೊಟ್ಟಿಗೆ ಕೈ ಹಾಕಬ್ಯಾಡ್ರಿ."

ಅಕ್ಷಿತಾಳ ಕೈ ಅಲ್ಲೇ ನಿಂತಿತು. ಡಬ್ಬದೊಳಗೆ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನುಗಳು ಓಡಾಡುತ್ತಿದ್ದವು. ತೊಟ್ಟಿಗೆ ಅಡ್ಡವಾಗಿ ನಿಂತವನು ಸಿದ್ದಲಿಂಗೇಶ್, ಬಿಳಿಚೋಡು ಊರಿನಲ್ಲಿ ಮೋಟಾರು ರಿಪೇರಿ ಮಾಡುವವನು.

"ಊರಾಗೆ ಡೆಂಗ್ಯೂ ಐತ್ರಿ. ತೊಟ್ಟಿ ತುಂಬ ಸೊಳ್ಳೆ ಮರಿ ಅದಾವೆ. ಇಲ್ಲ ನೀರು ಚೆಲ್ರಿ, ಇಲ್ಲ ಮೀನು ಬಿಡ್ರಿ."

"ಎಂಟು ದಿನಕ್ಕೊಂದ್ಸಲ ನಲ್ಲಿ ಬರ್ತೈತೆ. ಚೆಲ್ಲಾಕೆ ನಿಮ್ಮ ಸೂಳೆಕೆರೆ ನಮ್ಮ ಹಿತ್ತಲಾಗೆ ಐತಾ?"

"ಹಂಗಾದ್ರೆ ಮೀನು ಬಿಡ್ತೀನಿ."

"ಬ್ಯಾಡ ಅಂದೆನಲ್ಲ."

ಅಕ್ಷಿತಾ ಡಬ್ಬದ ಮುಚ್ಚಳ ಹಾಕಿದಳು. ಸೂಳೆಕೆರೆಯಲ್ಲಿ ಬಲೆ ಬೀಸುವವರ ಮಗಳು ಅವಳು. ಆರೋಗ್ಯ ಕೇಂದ್ರಕ್ಕೆ ನರ್ಸ್ ಆಗಿ ಬಂದು ಮೂರು ತಿಂಗಳಾಗಿತ್ತು. ಜಾತಿ ನೋಡಿ ಅಡ್ಡ ನಿಲ್ಲುವ ಇಂಥ ಬಾಗಿಲುಗಳು ಅವಳಿಗೆ ಹೊಸವಲ್ಲ. ಆದರೆ ದಾರಿಯಲ್ಲಿ ಸಿಕ್ಕಾಗಲೆಲ್ಲ ತಲೆ ಬಗ್ಗಿಸಿ ನಗುತ್ತಿದ್ದ ಇವನೂ...

'ಮೀನಲ್ಲ ಇವನಿಗೆ ಬೇಡವಾಗಿದ್ದು. ನನ್ನ ಕೈ.'

ಹತ್ತು ದಿನಕ್ಕೆ ಅವನ ತಾಯಿ ನಿರ್ಮಲಮ್ಮನಿಗೆ ಜ್ವರ ಬಂತು. ರಕ್ತ ಪರೀಕ್ಷೆ ಡೆಂಗ್ಯೂ ಎಂದಿತು. ಅಕ್ಷಿತಾ ದಿನವೂ ಬಂದು ನೋಡಿದಳು, ಗಂಜಿ ಕುಡಿಸಿದಳು. ಆ ಮನೆಯ ನೀರನ್ನು ಮಾತ್ರ ತಾನು ಕುಡಿಯಲಿಲ್ಲ.

ಐದನೇ ದಿನ ಸಿದ್ದಲಿಂಗೇಶ್ ಬಾಗಿಲಲ್ಲೇ ಎದುರಾದ. ಮುಖಕ್ಕೆ ಜೀವ ಬಂದಿತ್ತು.

"ಜ್ವರ ಬಿಟ್ಟೈತ್ರಿ. ಮೈ ತಣ್ಣಗೈತೆ."

ಅಕ್ಷಿತಾ ಒಳಗೆ ಹೋಗಿ ನಿರ್ಮಲಮ್ಮನ ನಾಡಿ ಹಿಡಿದಳು. ಎಳೆ ದಾರದಂತೆ ಸಣ್ಣಗೆ ಸಿಕ್ಕಿತು. ಬೆಳಗಿನಿಂದ ಮೂರು ಸಲ ವಾಂತಿ, ಹೊಟ್ಟೆ ನೋವು ಬೇರೆ.

"ಕೆಲವ್ರಿಗೆ ಜ್ವರ ಇಳಿದ ಮೇಲೇ ಕೆಡ್ತೈತ್ರಿ. ಈಗ್ಲೇ ದಾವಣಗೆರೆಗೆ ಹೋಗ್ಬೇಕು."

"ನಾಳೆ ನೋಡೋಣ್ವಾ..."

"ನಾಳೆ ನೋಡಾಕೆ ಅವರು ಇರ್ಬೇಕಲ್ರಿ."

ಆಂಬುಲೆನ್ಸಿನಲ್ಲಿ ತಾಯಿಯ ಕಾಲು ತಿಕ್ಕುತ್ತಾ ಅವನು ಕೇಳಿದ, "ಅವತ್ತು ಮೀನು ಬಿಟ್ಟಿದ್ರೆ ಹಿಂಗಾಗ್ತಿರಲಿಲ್ಲ ಅಲ್ವೇನ್ರಿ?"

"ಎಲ್ಲಿ ಹುಟ್ಟಿದ ಸೊಳ್ಳೆ ಕಡೀತೋ ಯಾರು ಕಂಡ್ರು." ಅವಳು ಸಲೈನಿನ ಹನಿ ನೋಡುತ್ತಿದ್ದಳು. "ನಿಮಗಂತೂ ನನ್ನ ಕೈ ಬ್ಯಾಡಾಗಿತ್ತು."

"ನಿಮ್ಮ ಕೈ?" ಅವನು ಬೆಚ್ಚಿದ. "ಅವ್ವ ಆ ನೀರಾಗೇ ಲಿಂಗಪೂಜೆ ಮಾಡ್ತಾಳ್ರಿ. ಮೀನಿದ್ದ ನೀರು ಆಗಲ್ಲ ಅಂತಿದ್ಲು. ನಿಮ್ಮ ಕೈ ಅಂತ ನಾನು ಕನಸಿನಾಗೂ..."

ಕಣ್ಣು ಮುಚ್ಚಿ ಮಲಗಿದ್ದ ನಿರ್ಮಲಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ದಾವಣಗೆರೆಯ ಆಸ್ಪತ್ರೆಯಲ್ಲಿ ಎರಡು ದಿನ ಹೋಗುತ್ತದೋ ಉಳಿಯುತ್ತದೋ ಎಂಬಂತಿದ್ದ ಜೀವ, ಮೂರನೇ ದಿನ ಎದ್ದು ಕೂತು "ಹಸಿವಾಗ್ತೈತೆ" ಎಂದಿತು.

ಊರಿಗೆ ಬಂದವರೇ ನಿರ್ಮಲಮ್ಮ ಅಕ್ಷಿತಾಳನ್ನು ಕರೆಸಿದರು. ಓಣಿಯ ಜನ ನೋಡುತ್ತಿದ್ದರು.

"ಬಿಡವ್ವ ಮೀನು."

"ನಿಮ್ಮ ಪೂಜೆ, ಅಮ್ಮಾ?"

"ನಿಮ್ಮೂರ ಕೆರೆ ನೀರಾಗೆ ಯಾರೂ ಪೂಜೆ ಮಾಡಲ್ವೇನು? ಅದ್ರಾಗೆ ಮೀನಿಲ್ವೇನು? ನನ್ನ ಬುದ್ಧಿಗೇ ಮಂಕು ಕವಿದಿತ್ತು."

ಮೀನುಗಳು ನೀರಿಗಿಳಿದವು. ನಿರ್ಮಲಮ್ಮ ಅದೇ ತೊಟ್ಟಿಯಿಂದ ಒಂದು ತಂಬಿಗೆ ಸೋಸಿಕೊಂಡು ಪೂಜೆಗೆ ನಡೆದರು. ಸಂಜೆಯೊಳಗೆ ಇಡೀ ಓಣಿ ಮೀನಿಗೆ ಬಂತು. "ನಿರ್ಮಲಮ್ಮನೇ ಬಿಡಿಸಿದ ಮ್ಯಾಲೆ ನಮ್ಮದೇನು?" ಅಕ್ಷಿತಾ ಮುಂದೆ, ಡಬ್ಬ ಹೊತ್ತ ಸಿದ್ದಲಿಂಗೇಶ್ ಹಿಂದೆ. ಮನೆಮನೆಗೂ ಹೋದರು. ಆ ಮಳೆಗಾಲ ಮುಗಿಯುವವರೆಗೆ ಆ ಓಣಿಯಲ್ಲಿ ಇನ್ನೊಬ್ಬರು ಹಾಸಿಗೆ ಹಿಡಿಯಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ದಿನ ಅವನು ಆರೋಗ್ಯ ಕೇಂದ್ರದ ಕಟ್ಟೆಗೆ ಬಂದು ಕೂತ.

"ಅಕ್ಷಿತಾ, ನನ್ನ ಮದುವೆ ಆಗ್ತೀಯಾ? ಅವ್ವಂಗೆ ಹೇಳೀನಿ."

ಅವಳು ಅವನತ್ತ ತಿರುಗಿದಳು. "ಏನಂದ್ರು?"

"ಊರು ನಾಕು ದಿನ ಮಾತಾಡ್ತೈತೆ. ಉಸಿರು ಹೋಗೋ ಹೊತ್ತಿಗೆ ಊರು ಬಂದಿರ್ಲಿಲ್ಲ, ಅವಳು ಬಂದಿದ್ಲು... ಅಂದ್ಲು."

ಅಕ್ಷಿತಾ ಕಣ್ಣೊರೆಸಿಕೊಂಡಳು. "ನಾನು ಮೀನು ತಿಂತೀನಿ ರೀ. ಬಿಡಾಕೆ ಆಗಲ್ಲ."

"ನಾನು ತಿನ್ನಲ್ಲ. ನೀನು ಬಿಡು ಅಂತ ನಾನೆಲ್ಲಿ ಕೇಳಿದೆ?"

"ಹಂಗಾದ್ರೆ ಭಾನುವಾರ ನಮ್ಮಪ್ಪನ ಹತ್ರ ಬರ್ರಿ. ಊಟಕ್ಕೆ ಏನು ಮಾಡಿರ್ತಾರೋ, ನಂಗೊತ್ತಿಲ್ಲ."

"ನೀನು ಪಕ್ಕದಾಗೆ ಕೂತ್ರೆ, ಮಜ್ಜಿಗೆ ಅನ್ನ ಸಾಕು ನಂಗೆ."