ಐಮನ್ ಬಾಯಿ ಮುಚ್ಚಿದ ದಿನ

"ಆಪಾ ಟೀ ಕುಡಿಯಲ್ಲ. ಅವಳಿಗೆ ಬಾದಾಮಿ ಹಾಲು ಕೊಡಿ. ಸಕ್ಕರೆ ಕಮ್ಮಿ!"

ತುಮಕೂರು ಯೂನಿವರ್ಸಿಟಿ ಕ್ಯಾಂಟೀನಿನಲ್ಲಿ ಹೀಗೆ ಆರ್ಡರ್ ಮಾಡಿದ್ದು ಐದನೇ ಕ್ಲಾಸಿನ ಐಮನ್. ಕೌಂಟರಿನವರು ಕೇಳಿದ್ದು ಅವಳನ್ನಲ್ಲ, ಪಕ್ಕದಲ್ಲಿ ನಿಂತಿದ್ದ ಅವಳ ಅಕ್ಕ ಯಾಸ್ಮೀನ್‌ಳನ್ನು.

"ಏನಮ್ಮಾ, ಎಂ.ಎ. ಸೇರೋದು ನೀನಾ, ಅವರಾ?" ಅಂತ ಅವರು ನಕ್ಕರು.

"ಅವಳೇ. ಮಾತಾಡೋದು ಮಾತ್ರ ನಾನು."

ಇದರಲ್ಲಿ ಸುಳ್ಳೇನೂ ಇರಲಿಲ್ಲ ಬಿಡಿ. ಬಿ.ಎ.ನಲ್ಲಿ ಇಡೀ ಕ್ಲಾಸಿಗೇ ಫಸ್ಟ್ ಬಂದ ಯಾಸ್ಮೀನ್‌ಗೆ ಅಂಗಡಿಯಲ್ಲಿ ಒಂದು ಸೇಫ್ಟಿ ಪಿನ್ ಕೇಳೋಕೂ ನಾಚಿಕೆ. ಬಸ್ಸಿನಲ್ಲಿ ಸ್ಟಾಪ್ ಬಂದರೆ "ಹೋಲ್ಡಾನ್!" ಅಂತ ಕೂಗಬೇಕಾದವಳು ಐಮನ್ನೇ.

ಈಗ ಯಾಸ್ಮೀನ್‌ಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ತುಮಕೂರಲ್ಲಿ, ಇನ್ನೊಂದು ಮೈಸೂರಲ್ಲಿ. ಅವರ ಅಬ್ಬಾ ಹಬೀಬ್ ಸಾಬ್‌ಗೆ ಕುಣಿಗಲ್ ಬಸ್ ಸ್ಟ್ಯಾಂಡ್ ಹತ್ತಿರ ಹಾಸಿಗೆ ಅಂಗಡಿ. ದಿಂಬು ಕೊಳ್ಳೋರಿಗೂ "ಒತ್ತಿ ನೋಡಿ ತಗೊಳ್ಳಿ" ಅನ್ನೋ ಮನುಷ್ಯ. ಅದಕ್ಕೇ "ಎರಡನ್ನೂ ಕಣ್ಣಾರೆ ನೋಡ್ಕೊಂಡು ಬರೋಣ" ಅಂದಿದ್ದರು.

ಐಮನ್ ಮಾತ್ರ ನೋಡದೇನೇ ತೀರ್ಮಾನ ಮಾಡಿದ್ದಳು. ತುಮಕೂರಾದರೆ ಆಪಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಮನೆಗೆ ಬರ್ತಾಳೆ. ಮೈಸೂರಾದರೆ ಹಾಸ್ಟೆಲ್ಲು. ಆಗ ಮಲಗುವಾಗ ಪಕ್ಕದಲ್ಲಿ ಯಾರಿರ್ತಾರೆ? ಲೆಕ್ಕ ಯಾರು ಹೇಳಿಕೊಡ್ತಾರೆ? ನೆನೆಸಿಕೊಂಡರೇ ಅಳು ಬರುತ್ತಿತ್ತು.

ತುಮಕೂರಿನಲ್ಲಿ ಎಲ್ಲಾ ಸಲೀಸು. ಯಾಸ್ಮೀನ್ ಜೊತೆ ಓದಿದ್ದ ಶಶಿರೇಖಾ ಆಗಲೇ ಸೇರಿಬಿಟ್ಟಿದ್ದಳು. ಕೈ ಹಿಡಿದು ಎಲ್ಲಾ ಕಡೆ ಸುತ್ತಿಸಿದಳು. ಲೆಕ್ಚರರ್ ಒಬ್ಬರು ಯಾಸ್ಮೀನ್‌ಳನ್ನ "ಯಾವ ಸಬ್ಜೆಕ್ಟ್ ಇಷ್ಟಮ್ಮ?" ಅಂದರೆ, "ಎಕನಾಮಿಕ್ಸ್ ಸಾರ್, ನನ್ ಪಕ್ಕಾನೇ ಕೂರೋದು ಇವಳು" ಅಂತ ಶಶಿರೇಖಾ ಹೇಳಿದಳು. ಅವಳು ಬಿಟ್ಟಿದ್ದನ್ನು ಐಮನ್ ಹೇಳಿದಳು.

"ನೋಡಿದ್ಯಾ ಆಪಾ? ಇಲ್ಲಿ ನೀನು ಬಾಯೇ ಬಿಡಬೇಕಾಗಿಲ್ಲ!" ಅಂತ ಐಮನ್ ಹಿಗ್ಗಿದಳು.

"ಹೂಂ," ಅಂದಳು ಯಾಸ್ಮೀನ್. ಅವಳು ಅವತ್ತು ಆಡಿದ್ದು ಅದೊಂದೇ ಮಾತು.

ಶನಿವಾರ ಮೈಸೂರಿಗೆ ಹೊರಟರು. ಬಸ್ಸಿನಲ್ಲಿ ಐಮನ್ ತಲೆಗೆ ಒಂದು ಐಡಿಯಾ ಹೊಳೆಯಿತು. ಇವತ್ತು ತಾನು ತುಟಿಪಿಟಕ್ ಅನ್ನಬಾರದು! ಆಗ ಆಪಾ ಪೇಚಿಗೆ ಸಿಕ್ಕಿ, "ಅಯ್ಯೋ, ಈ ಊರು ನಂಗೆ ಬೇಡಪ್ಪಾ" ಅಂತಾಳೆ. ಎಂಥಾ ತಲೆ ನೋಡಿ!

ಲೇಡೀಸ್ ಹಾಸ್ಟೆಲ್ ಒಳಗೆ ಗಂಡಸರನ್ನ ಬಿಡುತ್ತಿರಲಿಲ್ಲ. ಅಬ್ಬಾ ಗೇಟಿನ ಹತ್ತಿರ ನಿಂತು, "ಐಮನ್, ಹಾಸಿಗೆ ಒತ್ತಿ ನೋಡ್ಕೊಂಡು ಬಾ" ಅಂತ ಕೂಗಿ ಹೇಳಿದರು. ಐಮನ್ ಸುಮ್ಮನೆ ತಲೆಯಾಡಿಸಿದಳು.

"ಏನು ಬೇಕಿತ್ತಮ್ಮ?" ಅಂದರು ವಾರ್ಡನ್.

ಯಾಸ್ಮೀನ್ ತಂಗಿಯ ಮುಖ ನೋಡಿದಳು. ತಂಗಿ ತನ್ನ ಚಪ್ಪಲಿ ನೋಡಿದಳು. ಯಾಸ್ಮೀನ್ ಮೆಲ್ಲಗೆ ತಿವಿದಳು. ಊಹೂಂ! ಐಮನ್ ತುಟಿ ಕಚ್ಚಿಕೊಂಡು ನಿಂತುಬಿಟ್ಟಳು. ಆಪಾಳ ಕಿವಿ ಕೆಂಪಾಗಿದ್ದು ನೋಡಿ ಪಾಪ ಅನ್ನಿಸಿತು. ಆದರೂ ಹಠ ಬಿಡಲಿಲ್ಲ.

"ಮೇಡಂ..." ಅಂದಳು ಯಾಸ್ಮೀನ್. "ನಂಗೆ ಎಕನಾಮಿಕ್ಸ್‌ಗೆ ಸೀಟ್ ಸಿಕ್ಕಿದೆ. ರೂಮು ನೋಡಬಹುದಾ?"

ಅರೆ! ಐಮನ್ ಕತ್ತೆತ್ತಿದಳು.

ರೂಮು ನೋಡಿ ಡಿಪಾರ್ಟ್‌ಮೆಂಟ್ ಹುಡುಕುತ್ತಾ ಹೊರಟರೆ, ಫೈಲು ಹಿಡಿದ ಹುಡುಗಿಯೊಬ್ಬಳು ಎದುರಾದಳು. ಬೆವರಿ ನೀರಾಗಿದ್ದಳು.

"ಅಕ್ಕಾರ, ಎಕನಾಮಿಕ್ಸ್ ಡಿಪಾರ್ಟ್‌ಮೆಂಟ್ ಎಲ್ಲೈತ್ರೀ? ಮೂರು ಸುತ್ತು ಹೊಡದು ಮತ್ತ ಇಲ್ಲೇ ಬಂದೀನ್ರಿ!"

"ನಂಗೂ ಗೊತ್ತಿಲ್ಲ ಕಣ್ರೀ," ಅಂದಳು ಯಾಸ್ಮೀನ್. ಆಮೇಲೆ ಅವಳೇ ನಕ್ಕು, "ಬನ್ನಿ, ನಾಲ್ಕನೇ ಸುತ್ತು ಜೊತೇಲಿ ಹೊಡೆಯೋಣ" ಅಂದಳು.

ಆ ಹುಡುಗಿಯ ಹೆಸರು ಸರ್ವಮಂಗಳ, ರಾಯಚೂರಿನವಳು. ಅವಳಿಗೂ ಇಲ್ಲಿ ಯಾರೂ ಗೊತ್ತಿರಲಿಲ್ಲ. ಇಬ್ಬರೂ ಮರದ ಕೆಳಗಿದ್ದವರನ್ನ, ಸೈಕಲ್ಲಿನಲ್ಲಿ ಹೋಗುತ್ತಿದ್ದವರನ್ನ, ಎಲ್ಲರನ್ನೂ ದಾರಿ ಕೇಳಿದರು. ಒಂದು ಸಲ ಸರ್ವಮಂಗಳ ಕೇಳಿದರೆ ಇನ್ನೊಂದು ಸಲ ಯಾಸ್ಮೀನ್. ದಾರಿ ತಪ್ಪಿದಾಗೆಲ್ಲ ಇಬ್ಬರಿಗೂ ನಗುವೋ ನಗು.

"ಈ ಪುಟ್ಟಿಗಿ ಮಾತ್ ಬರಂಗಿಲ್ಲೇನ್ರಿ?" ಅಂದಳು ಸರ್ವಮಂಗಳ.

"ನನ್ ತಂಗಿ. ಮನೇಲಿ ಲೌಡ್‌ಸ್ಪೀಕರ್ರು. ಇವತ್ಯಾಕೋ ಕರೆಂಟ್ ಹೋಗಿದೆ!"

ಐಮನ್‌ಗೆ ಉರಿದುಹೋಯಿತು. ಆಪಾಗೆ ತಮಾಷೆ ಮಾಡೋಕೂ ಬರುತ್ತಾ? ಇಷ್ಟು ದಿನ ಎಲ್ಲಿ ಇಟ್ಟಿದ್ದಳು ಇದನ್ನೆಲ್ಲಾ? ಯೋಚಿಸಿದಳು. ಆಪಾ ಮಾತಾಡೋಕೆ ತಾನು ಒಂದು ಚೂರೂ ಜಾಗ ಬಿಟ್ಟಿರಲಿಲ್ಲವಲ್ಲ ಅನ್ನಿಸಿ, ಮುಖ ಸಣ್ಣದಾಯಿತು.

ಗೇಟಿನ ಹತ್ತಿರ ಅಬ್ಬಾ ಕಾಯುತ್ತಿದ್ದರು. ಎಂದಿನ ಹಾಗೆ ಐಮನ್‌ಳನ್ನೇ ಕೇಳಿದರು. "ಹೆಂಗಿದೆಯಮ್ಮಾ? ಹಾಸಿಗೆ ಮೆತ್ತಗಿದ್ಯಾ? ನಿಮ್ಮಾಪಾಗೆ ಸರಿಹೋಗುತ್ತಾ?"

ಐಮನ್ ಹತ್ತಿರ ಉತ್ತರ ರೆಡಿ ಇತ್ತು. ತುಂಬಾ ದೂರ, ತುಂಬಾ ದೊಡ್ಡದು, ಆಪಾ ಕಳೆದೇಹೋಗ್ತಾಳೆ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳ ಮಾತನ್ನ ಅಬ್ಬಾ ಯಾವತ್ತೂ ತೆಗೆದುಹಾಕಿದವರಲ್ಲ.

"ಆಪಾನ್ನೇ ಕೇಳಿ, ಅಬ್ಬಾ," ಅಂದಳು.

ಹಬೀಬ್ ಸಾಬ್ ಕಣ್ಣರಳಿಸಿ ದೊಡ್ಡ ಮಗಳ ಕಡೆ ತಿರುಗಿದರು.

"ನಾನು ಇಲ್ಲೇ ಸೇರ್ತೀನಿ ಅಬ್ಬಾ," ಅಂದಳು ಯಾಸ್ಮೀನ್. ಆಮೇಲೆ ಶುರುವಾದ ಮಾತು ಬಸ್ ಸ್ಟ್ಯಾಂಡ್ ಬಂದರೂ ನಿಲ್ಲಲಿಲ್ಲ. ಮರ ಆಯಿತು, ಲೈಬ್ರರಿ ಆಯಿತು, ಸರ್ವಮಂಗಳ ಆಯಿತು.

"ಡಿಪಾರ್ಟ್‌ಮೆಂಟ್ ಸಿಗೋಷ್ಟರಲ್ಲಿ ಆ ಹುಡುಗಿ ಆರು ಸುತ್ತು ಹೊಡೆದಿದ್ಲು ಅಬ್ಬಾ!"

ಆರಲ್ಲ, ನಾಲ್ಕು. ಐಮನ್ ಹೇಳೋಕೆ ಬಾಯಿ ತೆರೆದಳು. ಅಬ್ಬಾ ಜೋರಾಗಿ ನಗುತ್ತಿದ್ದರು. ಆಪಾ ಕೈ ಆಡಿಸುತ್ತಾ ಇನ್ನೂ ಏನೋ ಹೇಳುತ್ತಿದ್ದಳು.

ಐಮನ್ ಕಣ್ಣೊರೆಸಿಕೊಂಡು, ತೆರೆದ ಬಾಯಿ ಮುಚ್ಚಿ, ಆರು ಸುತ್ತನ್ನೇ ಒಪ್ಪಿಕೊಂಡಳು.