ತಾರಸಿ ಮೇಲಿನ ಲೋಟ

ನಮ್ಮ ಮನೆಯ ಸೋಲಾರ್ ಹೀಟರ್ ಕೆಟ್ಟರೆ ಅಮ್ಮನಿಗೆ ತಲೆನೋವು, ನನಗೆ ಹಬ್ಬ. ಹದಿನಾಲ್ಕು ವರ್ಷದ ಹಳೇ ಸಾಮಾನು ಅದು. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಕೊಂಡಾಗಲೆಲ್ಲ ನಂಜನಗೂಡಿನಿಂದ ನರಸೀಪುರಕ್ಕೆ ಬೈಕಿನಲ್ಲಿ ಬಂದು ಸರಿ ಮಾಡುತ್ತಿದ್ದವರು ಪ್ರೇಮ್‌ಕುಮಾರ್. ಹೊಸದು ಹಾಕಿಸೋಣ ಎಂದು ಅಮ್ಮ ಗೊಣಗಿದಾಗಲೆಲ್ಲ, ಇದೊಂದು ಸಲ ರಿಪೇರಿ ಮಾಡಿಸಿ ನೋಡೋಣ ಎನ್ನುತ್ತಿದ್ದೆ. ನಾಚಿಕೆಗೆಟ್ಟವಳು ನಾನು.

ಹೊರಗಿನ ಮೆಟ್ಟಿಲಿನಿಂದಲೇ ಅವರು ತಾರಸಿಗೆ ಹತ್ತುತ್ತಿದ್ದರು. ಮೊದಲ ದಿನ ಗಡಿಬಿಡಿಯಲ್ಲಿ ನನ್ನ ಲೋಟದಲ್ಲೇ ಕಾಫಿ ಕೊಟ್ಟುಬಿಟ್ಟೆ. ನನ್ನ ನಾಮಕರಣಕ್ಕೆ ಸೋದರಮಾವ ‘ಪವಿತ್ರಾ’ ಎಂದು ಹೆಸರು ಕೊರೆಸಿ ಕೊಟ್ಟಿದ್ದ ಸ್ಟೀಲ್ ಲೋಟ. ಅವರು ಹೋದ ಮೇಲೆ ಅಮ್ಮ ಅವರ ಕೇರಿ ಯಾವುದೆಂದು ವಿಚಾರಿಸಿಕೊಂಡಳು. ಅವತ್ತಿನಿಂದ ಆ ಲೋಟ ಮನೆಯೊಳಗೆ ಬರಲಿಲ್ಲ. ನೀರಿನ ಟ್ಯಾಂಕಿನ ಪಕ್ಕ, ಅವರಿಗೆಂದೇ ಉಳಿಯಿತು. ನಾನು ತುಟಿ ಬಿಚ್ಚಲಿಲ್ಲ.

ಅವರು ಮಾತ್ರ ಹೆಸರು ಕೊರೆದ ಕಡೆಗೇ ತುಟಿಯಿಟ್ಟು ಕುಡಿದು, ಓರೆಗಣ್ಣಲ್ಲಿ ನನ್ನನ್ನು ನೋಡಿ ನಗುತ್ತಿದ್ದರು. ಯಾಕೆ ನಗು ಎಂದರೆ ಸಕ್ಕರೆ ಜಾಸ್ತಿ ಎನ್ನುತ್ತಿದ್ದರು. ಸಕ್ಕರೆ ಹಾಕುವುದನ್ನೇ ನಾನು ಮರೆತ ದಿನವೂ ಅದೇ ಮಾತು. ಪ್ರೀತಿಯಿಂದ ನನ್ನ ಲೋಟ ಎತ್ತಿಟ್ಟಿದ್ದೇನೆ ಎಂದುಕೊಂಡಿದ್ದಾರೆ, ಪಾಪ, ಹಾಗೇ ಅಂದುಕೊಳ್ಳಲಿ ಎಂದು ಸುಮ್ಮನಿದ್ದೆ.

ಈ ಡಿಸೆಂಬರ್ ಚಳಿಗೆ ಹೀಟರ್ ಪೂರ್ತಿ ಕೈಕೊಟ್ಟಿತು. ಬಿಚ್ಚಿ ನೋಡಿದ ಪ್ರೇಮ್‌ಕುಮಾರ್, ಇನ್ನೂ ರಿಪೇರಿ ಮಾಡಬಹುದು, ಆದರೆ ಒಳಗೆ ಬಚ್ಚಲಮನೆಯ ಪೈಪನ್ನೂ ಬಿಚ್ಚಬೇಕು ಎಂದರು. ಬೇಡವೆಂದರೆ ಹೊಸ ಹೀಟರು, ಹೊಸ ಪೈಪು. ಕಂಪನಿಯವರೇ ಬಂದು ಹಾಕುತ್ತಾರಂತೆ, ಹತ್ತು ವರ್ಷ ಅವರೇ ನೋಡಿಕೊಳ್ಳುತ್ತಾರಂತೆ.

“ರಿಪೇರಿನಾ, ಒಸದಾ, ನೀವೇ ಏಳ್ಬೇಕು,” ಎಂದರು. ಆಮೇಲೆ ಮೆಲ್ಲಗೆ, “ಒಳೀಕ್ ಬರ್ಲಾ, ಪವಿತ್ರಾ?”

ಅಲ್ಲಿಯವರೆಗೆ ನಾನು ಬರೀ ಮೇಡಂ. ಅವರು ಕೇಳುತ್ತಿದ್ದುದು ಪೈಪಿನ ಮಾತಲ್ಲ ಎಂದು ತಿಳಿಯದಷ್ಟು ದಡ್ಡಿಯೇನಲ್ಲ. ಕೆಳಗೆ ಅಮ್ಮ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬನ್ನಿ ಎನ್ನಬೇಕಿತ್ತು. ಎರಡೇ ಅಕ್ಷರ.

“ಹೊಸದೇ ಹಾಕಿಸ್ತೀವಿ,” ಅಂದೆ.

ಅವರು ಸ್ಪ್ಯಾನರುಗಳನ್ನೆಲ್ಲ ಚೀಲಕ್ಕೆ ತುಂಬಿದರು. ಲೋಟ ತೊಳೆದು ಟ್ಯಾಂಕಿನ ಪಕ್ಕ ಬೋರಲು ಹಾಕಿದರು. ಯಾವತ್ತೂ ತಾವೇ ತೊಳೆದಿಡುತ್ತಿದ್ದರು. ಯಾಕೆಂದು ನನಗೆ ಹೊಳೆದದ್ದೇ ಆಗ.

“ನಿಮಗೆ ಗೊತ್ತಿತ್ತಾ?”

“ಎರಡನೇ ಸಲ ಬಂದಾಗ್ಲೇ ಗೊತ್ತಾಯ್ತು ಕಣ್ರೀ. ನಿಮ್ಮೆಸ್ರಿತ್ತಲ್ಲ, ಅದ್ಕೇ ಕುಡೀತಿದ್ದೆ.”

ಪ್ರತಿ ಸಲ ಬತ್ತೀನಿ ಎಂದು ಹೇಳಿ ಹೋಗುತ್ತಿದ್ದವರು ಅವತ್ತು ಏನೂ ಹೇಳದೆ ಮೆಟ್ಟಿಲಿಳಿದರು.

ಈಗ ನಲ್ಲಿ ತಿರುಗಿಸಿದರೆ ಸುಡುಸುಡು ನೀರು. ಹೀಟರ್ ಹಾಕಲು ಬಂದ ಕಂಪನಿಯವರು ಬಚ್ಚಲಮನೆಯವರೆಗೂ ಓಡಾಡಿದರು. ಅವರ ಕೇರಿ ಯಾವುದೆಂದು ಅಮ್ಮ ಕೇಳಲಿಲ್ಲ. ಬಿಸಿನೀರಿಗೆ ಅವಳ ಮಂಡಿನೋವೂ ಕಡಿಮೆಯಾಗಿದೆ.

ನಾನು ದಿನಾ ಸಂಜೆ ಕಾಫಿ ಕುಡಿಯಲು ತಾರಸಿಗೆ ಹೋಗುತ್ತೇನೆ. ಆ ಲೋಟವನ್ನು ಒಳಗೆ ತರುವ ಧೈರ್ಯ ನನಗೆ ಇನ್ನೂ ಬಂದಿಲ್ಲ.