ಕೆಮ್ಮಿಗೆ ಮದ್ದು

ಟಕ್... ಟಕ್.

ನಡುರಾತ್ರಿ. ಕೆಮ್ಮಿ ಕೆಮ್ಮಿ ಸುಸ್ತಾಗಿದ್ದ ಅವಳು ಬಾಗಿಲು ತೆರೆದಳು. ಎದುರುಮನೆಗೆ ಹೊಸದಾಗಿ ಬಂದಿದ್ದ ನಿವೃತ್ತ ಕಾಂಪೌಂಡರ್ ನಿಂತಿದ್ದರು. ಕೆದರಿದ ಬಿಳಿ ಕೂದಲು, ಒಂದು ಕೈ ಶಾಲಿನೊಳಗೆ.

“ಇದಕ್ಕೆ ಮದ್ವೆ ಆಗ್ಬೇಕು ಮೇಡಂ. ಒಬ್ಬರೇ ಎಷ್ಟು ರಾತ್ರಿ ಹೀಗೆ ಒದ್ದಾಡ್ತೀರಿ?”

ಅವರ ಮೂಗಿನ ಮುಂದೆಯೇ ಬಾಗಿಲು ಮುಚ್ಚಿತು.

ಎಷ್ಟು ಧೈರ್ಯ... ಈ ವಯಸ್ಸಲ್ಲಿ...

ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಬರೀ ಉಸಿರು ಕೇಳಿ ಆ ಕಡೆ ಯಾರೆಂದು ಹೇಳುತ್ತಿದ್ದಳು. ಈಗ ಮಗಳು ಕಿವಿ ಪರೀಕ್ಷೆಯ ಮಾತೆತ್ತಿದರೆ ಸಿಡುಕುತ್ತಿದ್ದಳು. “ನನ್ನ ಕಿವಿಗೇನಾಗಿದೆ? ನೀವೇ ಬಾಯೊಳಗೆ ಮಾತಾಡ್ತೀರಿ.” ಕಿವಿಗೆ ಯಂತ್ರ ಬಂತೆಂದರೆ ಮುದುಕಿಯಾದೆ ಎಂದರ್ಥ. ಮುದುಕಿಯಾದರೆ ಮುಗಿಯಿತು, ಇನ್ನು ಬದುಕಲು ಏನೂ ಉಳಿದಿಲ್ಲ. ಇದು ಅವಳ ಭಯ. ಆ ಭಯಕ್ಕೇ ಅವಳು ಮನೆಯಿಂದ ಹೊರಗೆ ಹೋಗುವುದನ್ನೂ ಬಿಟ್ಟಿದ್ದಳು.

ಆದರೆ ಮರುದಿನ ಕನ್ನಡಿ ಒರೆಸಿದಳು. ಮತ್ತೊಂದು ದಿನ ಬೀರುವಿನ ತಳದಿಂದ ನೀಲಿ ಸೀರೆ ಹೊರಬಂತು. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದಳು. ಮೆಟ್ಟಿಲು ಅವರ ಮನೆಯ ಪಕ್ಕದಲ್ಲೇ ಇತ್ತು, ಹತ್ತಿದರೆ ಅವರ ಬಾಗಿಲ ಮುಂದೆ ನಿಧಾನವಾಗಿ ಹಾದುಹೋಗಬಹುದಿತ್ತು. ಕೆಮ್ಮು ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಕೊನೆಗೊಂದು ಸಂಜೆ ಅವಳೇ ಎದುರುಮನೆಯ ಬೆಲ್ ಒತ್ತಿದಳು.

“ಆವತ್ತು ನೀವು ಹೇಳಿದ್ದನ್ನ ಯೋಚನೆ ಮಾಡಿದೆ. ನಂಗೆ... ಒಪ್ಪಿಗೆ. ಮಗಳನ್ನ ಒಂದು ಮಾತು ಕೇಳ್ಬೇಕು ಅಷ್ಟೆ.”

ಅವರು ತಬ್ಬಿಬ್ಬಾದರು. “ಕೆಮ್ಮಿನ ಮದ್ದಿಗೆ ಮಗಳನ್ನ ಯಾಕೆ ಕೇಳ್ಬೇಕು?”

“ಮದ್ದು?”

“ಇದಕ್ಕೆ ಮದ್ದೇ ಆಗ್ಬೇಕು ಅಂದಿದ್ದೆ. ಸೀಸೆ ಶಾಲಿನೊಳಗೇ ಇತ್ತು.”

ಅವಳ ಕಾಲ ಕೆಳಗಿನ ನೆಲವೇ ಜಾರಿತು. “ನಂಗೆ ಮದ್ವೆ ಅಂತ...” ಅವಳು ಕಿವಿ ಮುಟ್ಟಿಕೊಂಡಳು. “ನನ್ನ ಕಿವಿ ಹೋಗಿದೆ ರೀ. ಯಾರಿಗೂ ಹೇಳಿರಲಿಲ್ಲ.”

ತಿರುಗಿ ಹೊರಟವಳ ದಾರಿಗೆ ಅವರು ಅಡ್ಡ ಬಂದರು. ಮುಖ ಕೆಂಪಾಗಿತ್ತು.

“ತಪ್ಪು ನಿಮ್ಮ ಕಿವಿದೊಂದೇ ಅಲ್ಲ. ಆ ರಾತ್ರಿ ನನ್ನ ಹಲ್ಲಿನ ಸೆಟ್ಟು ಲೋಟದಲ್ಲಿತ್ತು.”

ಅವಳು ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ತಡೆಯಲಾಗಲಿಲ್ಲ.

“ಹಾಗಿದ್ರೆ ನಾವಿಬ್ರೂ ಮುದುಕರೇ.”

“ಆಗಿದ್ದೀವಿ. ಆಮೇಲೂ ಹಸಿವಾಗುತ್ತೆ, ನಗು ಬರುತ್ತೆ. ನೀಲಿ ಸೀರೆ ಕಂಡ್ರೆ ಪೇಪರ್ ತಲೆಕೆಳಗಾಗಿ ಓದ್ತೀನಿ.” ಅವರು ತಲೆ ತಗ್ಗಿಸಿದರು. “ಆವತ್ತು ಕೇಳಿರ್ಲಿಲ್ಲ. ಈಗ ಕೇಳ್ಲಾ?”

“ಹಲ್ಲು ಹಾಕಿದ್ದೀರಾ?”

“ಹಾಕಿದ್ದೀನಿ.”

“ಬಲಗಿವಿಗೆ ಹೇಳಿ. ಅದು ಸ್ವಲ್ಪ ವಾಸಿ.”

ಅವರು ಬಗ್ಗಿ ಹೇಳಿದರು. ಅವಳಿಗೆ ಒಂದಕ್ಷರವೂ ಬಿಡದೆ ಕೇಳಿಸಿತು.

“ಹ್ಞೂಂ,” ಎಂದಳು. “ನಾಳೆ ಕಿವಿ ಡಾಕ್ಟರ ಹತ್ರ ಹೋಗೋಣ. ಇನ್ಮೇಲೆ ಏನೂ ತಪ್ಪಿಸ್ಕೊಳ್ಳೋದು ಬೇಡ.”

ರಾತ್ರಿ ಫೋನಿನಲ್ಲಿ ಮಗಳಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. “ಸರಿ ಬಿಡಮ್ಮ, ಮೊದಲು ಕೇಳಿದ್ದು ಯಾರು? ಏನಂತ ಕೇಳಿದ್ರು?”

“ಅವರೇ ಕೇಳಿದ್ರು ಕಣೆ. ಸ್ಪಷ್ಟವಾಗಿ ಕೇಳಿದ್ರು.”

ಉಳಿದದ್ದನ್ನು ಜನ್ಮದಲ್ಲಿ ಯಾರಿಗೂ ಹೇಳಬಾರದೆಂದು ಅವಳು ಆಗಲೇ ನಿರ್ಧರಿಸಿಬಿಟ್ಟಿದ್ದಳು.